ಹಳದಿ ಜಾಕೆಟ್ಟಿನ ಬೆಳ್ಳಿಪಟ್ಟಿ

ನಮ್ಮ ಚಿಕ್ಕಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಇಪ್ಪತ್ತೆರಡು ವರ್ಷದಿಂದ ಅದೇ ಮೇಜು, ಅದೇ ಕಿಟಕಿ, ಅದೇ ಬಿಳಿ ಹತ್ತಿ ಬಟ್ಟೆ. ಅಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಎನ್ನುತ್ತಾರೆ, ಏಕೆಂದರೆ ಅವಳು ಮಡಿಸಿದ ಬೆಡ್‌ಶೀಟಿನ ಗೆರೆ ಒಂದು ಕೂದಲೆಳೆಯಷ್ಟೂ ಓರೆಯಾಗುವುದಿಲ್ಲ. ಇಸ್ತ್ರಿಯಾಗದ ಬಟ್ಟೆ ಅವಳ ಲೆಕ್ಕದಲ್ಲಿ ಒಗೆದೇ ಇಲ್ಲ. ಮನೆಯಲ್ಲಿ ಒಲೆ ಒರೆಸುವ ಬಟ್ಟೆಗೂ ಇಸ್ತ್ರಿ ಬೀಳುತ್ತದೆ. "ನನ್ನನ್ನೂ ಒಂದು ಸಲ ಮೇಜಿನ ಮೇಲೆ ಮಲಗಿಸಿ ತಿಕ್ಕಿಬಿಡು ಚಿಕ್ಕಮ್ಮ, ಬೆನ್ನಾದರೂ ನೆಟ್ಟಗಾಗಲಿ" ಎಂದು ನಾನು ರೇಗಿಸುತ್ತಿದ್ದೆ. ಅವಳು ನಗುತ್ತಿದ್ದಳು. ಮಳೆಗಾಲದಲ್ಲಿ ಮಾತ್ರ ನಗುತ್ತಿರಲಿಲ್ಲ.

ಅದಕ್ಕೆ ಕಾರಣ ಆ ಲಾಂಡ್ರಿಯೇ. ವಾರ್ಡುಗಳಿಂದ ಬರುವ ಕೊಳೆಬಟ್ಟೆಯ ಗಂಟುಗಳು ಅವಳ ಮೇಜಿನ ಪಕ್ಕದಿಂದಲೇ ಒಳಗೆ ಹೋಗಬೇಕು. ಮಳೆ ಸುರಿದ ಮರುದಿನ, ರಸ್ತೆ ಅಪಘಾತದವರ ಬಟ್ಟೆಯೂ ಸೇರಿ, ತುರ್ತು ವಾರ್ಡಿನ ಗಂಟು ಎರಡು ಪಟ್ಟು ದೊಡ್ಡದಿರುತ್ತಿತ್ತು. ಯಾರು, ಏನು ಎಂದು ಅವಳು ಯಾವತ್ತೂ ಕೇಳಿದವಳಲ್ಲ. ಆದರೆ ಮಗಳು ಸಣ್ಣಿಗೆ ಹಾಲಿನ ಡೈರಿಯಲ್ಲಿ ಮೊದಲ ಪಾಳಿಯ ಕೆಲಸ ಸಿಕ್ಕಿ, ಬೆಳಗಿನ ಐದಕ್ಕೇ ಸೈಕಲ್ ಹತ್ತಿ ಲಾರಿಗಳ ರಸ್ತೆಯಲ್ಲಿ ಹೋಗಲು ಶುರುಮಾಡಿದ ದಿನದಿಂದ ಆ ಗಂಟುಗಳನ್ನು ಕಂಡರೆ ಚಿಕ್ಕಮ್ಮನ ಕೈಕಾಲು ತಣ್ಣಗಾಗುತ್ತಿದ್ದವು. ಸಣ್ಣಿ ಹೊರಟ ಮೇಲೆ ಡೈರಿ ತಲುಪಿ ಮಿಸ್ಡ್ ಕಾಲ್ ಕೊಡುವವರೆಗೆ ಇಪ್ಪತ್ತೈದು ನಿಮಿಷ. ಅಷ್ಟು ಹೊತ್ತೂ ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಹೀಗೆ ಎರಡು ಮಳೆಗಾಲ ಕಳೆದವು.

ಮೂರನೆಯ ಮಳೆಗಾಲಕ್ಕೆ ಮುಂಚೆ, ಮಿಂಚುವ ಪಟ್ಟಿಯಿರುವ ಜಾಕೆಟ್ ಒಂದನ್ನು ಕೊಳ್ಳಲೇಬೇಕೆಂದು ಹಟ ಹಿಡಿದು ಸಣ್ಣಿಯನ್ನೂ ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದಳು. ಅಂಗಡಿಯವನು ಮೊದಲು ತೋರಿಸಿದ್ದರ ಬೆಲೆ ಕೇಳಿ ಮೂವರೂ ಒಟ್ಟಿಗೆ ಕೈ ಹಿಂದಕ್ಕೆಳೆದುಕೊಂಡೆವು. ತೀರ ಅಗ್ಗದ್ದು ಬರೀ ಪ್ಲಾಸ್ಟಿಕ್, ಬಗ್ಗಿದರೆ ಹರಿಯುವಂಥದ್ದು. ನಡುವೆ ಉಳಿದದ್ದು ಎರಡು, ಒಂದು ಕಪ್ಪು, ಒಂದು ನಿಂಬೆಹಣ್ಣಿನ ಹಳದಿ. ಸಣ್ಣಿಯ ಕಣ್ಣು ಕಪ್ಪಿನ ಮೇಲೆ.

"ಹಳದಿ ಹಾಕ್ಕೊಂಡ್ರೆ ರಸ್ತೆ ಅಗೆಯೋರ ಥರ ಎದ್ದು ಕಾಣ್ತೀನಮ್ಮ" ಎಂದಳು.

"ಕಾಣ್ಲಿ ಅಂತಾನೇ ಕಣೇ ದುಡ್ಡು ಕೊಡ್ತಿರೋದು" ಎಂದಳು ಚಿಕ್ಕಮ್ಮ.

ಆಮೇಲೆ ಅವಳು ಮಾಡಿದ ಪರೀಕ್ಷೆಯನ್ನು ನೋಡಬೇಕಿತ್ತು. ಒಳಗಿನ ಹೊಲಿಗೆಗಳ ಮೇಲೆ ಟೇಪು ಅಂಟಿಸಿದ್ದಾರೋ ಇಲ್ಲವೋ ಎಂದು ಬೆರಳಾಡಿಸಿದಳು. ತೋಳನ್ನು ಬಾಯಿಗೆ ಒತ್ತಿ ಊದಿದಳು. ಅಂಗಡಿಯವನು "ಅಯ್ಯೋ ಅಮ್ಮಾ, ನೀರು ಹಾಕ್ಬೇಡಿ" ಎನ್ನುವಷ್ಟರಲ್ಲಿ ಬಾಟಲಿಯ ನೀರನ್ನು ಹೆಗಲಿನ ಮೇಲೆ ಸುರಿದು, ಒಳಗೆ ಕೈಯಿಟ್ಟು, ನೂರು ಎಣಿಸಿದಳು. ಹಿಂದಿನ ಚಕ್ರದ ರಾಡಿ ಸೊಂಟಕ್ಕೆ ಹಾರದಂತೆ ಹಿಂಭಾಗ ಉದ್ದವಿದೆಯೇ, ತಿರುಗುವಾಗ ಚಾಚಿದ ಕೈ ಕಾಣುವಂತೆ ತೋಳಿಗೂ ಪಟ್ಟಿ ಇದೆಯೇ ಎಂದೆಲ್ಲ ನೋಡಿದಳು. ಕೊನೆಗೆ ಸಣ್ಣಿಯನ್ನು ಗೋದಾಮಿನ ಕತ್ತಲೆಯಲ್ಲಿ ನಿಲ್ಲಿಸಿ ನನ್ನ ಕೈಯಲ್ಲಿ ಟಾರ್ಚ್ ಬಿಡಿಸಿದಳು. ಬೆನ್ನಿನ ಬೆಳ್ಳಿಪಟ್ಟಿ ಫಳ್ಳೆಂದಿತು. ಚಿಕ್ಕಮ್ಮ ಒಂದು ದೊಡ್ಡ ಉಸಿರು ಬಿಟ್ಟಳು.

ಆ ಜಾಕೆಟ್ಟಿನಿಂದ ಅವಳಿಗೆ ನಿದ್ದೆ ಬಂತು. ಮೊದಲ ಎರಡು ದಿನ ಗೇಟಿನ ಹತ್ತಿರ ನಿಂತು, ಹಿಂದಿನಿಂದ ಬಂದ ಲಾರಿಯ ಬೆಳಕಿಗೆ ಪಟ್ಟಿ ಹೊಳೆಯುವುದನ್ನು ಕಣ್ತುಂಬ ನೋಡಿದಳು. ಮೂರನೆಯ ದಿನ ಸಣ್ಣಿ ಹೊರಟದ್ದೂ ಗೊತ್ತಾಗದ ಹಾಗೆ ಮಲಗಿದ್ದಳು. ಎದ್ದವಳು ನಾಚಿಕೊಂಡೇ ನನಗೆ ಫೋನು ಮಾಡಿ ಆ ಸಂಗತಿ ಹೇಳಿದಳು. ನನಗೂ ಖುಷಿಯಾಯಿತು.

ಭಾನುವಾರ ಜಾಕೆಟ್ಟನ್ನು ಒಗೆದಳು. ಒಗೆದ ಮೇಲೆ ಇನ್ನೇನು, ಇಸ್ತ್ರಿ! ಬಟ್ಟೆಯ ಒಳಗಿನ ಚೀಟಿ ಓದುವ ಅಭ್ಯಾಸ ಅವಳಿಗಿಲ್ಲ. ಆಸ್ಪತ್ರೆಯ ಬಟ್ಟೆಗೆ ಚೀಟಿಯೇ ಇರುವುದಿಲ್ಲ, ಎಲ್ಲ ಹತ್ತಿ, ಎಲ್ಲಕ್ಕೂ ಕೆಂಡದಂಥ ಶಾಖ. ಆದರೂ ಇದು ನಯವಾದ ಬಟ್ಟೆಯೆಂದು ಮೇಲೆ ಒದ್ದೆ ಬಟ್ಟೆ ಹಾಸಿ, ಶಾಖ ಇಳಿಸಿ, ಮಗುವಿನ ಬೆನ್ನು ಸವರಿದಷ್ಟು ಹಗುರವಾಗಿ ಪಟ್ಟಿಗಳ ಸುಕ್ಕು ತೆಗೆದಳು. ಒದ್ದೆ ಬಟ್ಟೆಗೆ ಬೂದುಬಣ್ಣದ ಪುಡಿ ಅಂಟಿತ್ತು. ಮೊಂಡು ಕೊಳೆ, ಇಸ್ತ್ರಿಗೇ ಬಿಟ್ಟಿತು ಎಂದು ಸಮಾಧಾನಪಟ್ಟಳು. ಹಗಲು ಬೆಳಕಿನಲ್ಲಿ ಪಟ್ಟಿ ಮೊದಲಿನ ಹಾಗೆಯೇ ಇತ್ತು, ಇನ್ನೂ ಚೊಕ್ಕವಾಗಿ ಕಾಣುತ್ತಿತ್ತು.

ಗುರುವಾರ ಬೆಳಗಿನ ಜಾವ ಚಿಕ್ಕಮ್ಮನಿಗೆ ಗುಡುಗಿಗೆ ಎಚ್ಚರವಾಯಿತು. ಸಣ್ಣಿ ಆಗಲೇ ಗೇಟು ದಾಟಿದ್ದಳು. ಚಿಕ್ಕಮ್ಮ ಸೆರಗು ತಲೆಗೆಳೆದುಕೊಂಡು ಹೊರಗೆ ಬಂದಳು. ಮಳೆ ಜೋರಾಗಿತ್ತು. ಅಡ್ಡರಸ್ತೆಯಿಂದ ಲಾರಿಯೊಂದು ತಿರುಗಿ ಅದರ ಬೆಳಕು ಪೂರ್ತಿಯಾಗಿ ಸಣ್ಣಿಯ ಬೆನ್ನಿನ ಮೇಲೆ ಬಿತ್ತು. ಏನೂ ಹೊಳೆಯಲಿಲ್ಲ. ಆ ಮಳೆಯಲ್ಲಿ ಹಳದಿಯೂ ಬೂದಿಯ ಬಣ್ಣವಾಗಿತ್ತು. ಸೈಕಲ್ಲಿನ ಹಿಂದಿನ ಕೆಂಪು ದೀಪ ಕಡಲೆಕಾಳಿನಷ್ಟಿತ್ತು. ಲಾರಿ ಕೊನೆಯ ಗಳಿಗೆಯಲ್ಲಿ ಗಕ್ಕನೆ ಪಕ್ಕಕ್ಕೆ ಹೊರಳಿ, ಹಾರನ್ ಬಾರಿಸುತ್ತ ಮುಂದೆ ಹೋಯಿತು.

ಚಿಕ್ಕಮ್ಮನಿಗೆ ಆ ಬೂದುಬಣ್ಣದ ಪುಡಿ ನೆನಪಾಯಿತು. ಅದು ಕೊಳೆಯಲ್ಲ, ಪಟ್ಟಿಯ ಹೊಳಪೇ. ಮಗಳ ಬೆನ್ನ ಮೇಲಿನ ಬೆಳಕನ್ನು ತಾನೇ, ತನ್ನ ಕೈಯಾರೆ ತಿಕ್ಕಿ ತೆಗೆದಿದ್ದಳು.

ಕೂಗಿದಳು, ಮಳೆಯಲ್ಲಿ ಕೂಗು ಅವಳ ಕಿವಿಗೇ ಕೇಳಿಸಲಿಲ್ಲ. ಫೋನು ಒತ್ತಿದವಳು ರಿಂಗಾಗುವ ಮೊದಲೇ ಕತ್ತರಿಸಿದಳು. ಅಮ್ಮನ ಫೋನೆಂದರೆ ಸಣ್ಣಿ ಒಂದು ಕೈ ಬಿಟ್ಟಾದರೂ ತೆಗೆಯುತ್ತಾಳೆ. ಅದೇ ಗಳಿಗೆಗೆ ಹಿಂದಿನಿಂದ ಒಂದು ಲಾರಿ ಬಂದರೆ? ಫೋನನ್ನು ಮೆಟ್ಟಿಲ ಮೇಲೆ ಬಿಟ್ಟು, ತಾನು ಲಾಂಡ್ರಿಗೆ ಹೋಗುವ ಹಳೇ ಸೈಕಲ್ಲನ್ನು ಎಳೆದುಕೊಂಡು ಹತ್ತಿದಳು. ಆ ಸೈಕಲ್ಲಿಗೆ ದೀಪವಿರಲಿಲ್ಲ. ಉಟ್ಟ ಸೀರೆ ಕಡುಗಂದು.

ಐವತ್ತು ದಾಟಿದ ಹೆಂಗಸು ಆ ಮಳೆಯಲ್ಲಿ ಅಷ್ಟು ದೂರ ಹೇಗೆ ತುಳಿದಳೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಒಂದೊಂದು ಲಾರಿ ಪಕ್ಕದಲ್ಲಿ ಹೋದಾಗಲೂ ರಾಡಿ ನೀರು ಮುಖಕ್ಕೆ ರಾಚುತ್ತಿತ್ತು, ಸೈಕಲ್ಲು ಅದರ ಗಾಳಿಗೆ ವಾಲುತ್ತಿತ್ತು. "ಏನು ಯೋಚಿಸ್ತಿದ್ದೆ ಚಿಕ್ಕಮ್ಮ?" ಎಂದು ಆಮೇಲೆ ಕೇಳಿದ್ದೆ. "ಗಂಟು ಕಣೋ" ಎಂದಳು. "ನಾಳೆ ಬರೋ ಗಂಟು. ಅದ್ರಲ್ಲಿ ಹಳದಿ ಇರುತ್ತಾ ಅಂತ."

ರೈಲು ಸೇತುವೆಯ ಕೆಳಗೆ, ಆ ಕೆಂಪು ದೀಪದ ಗುರುತಿನಿಂದ, ಸಣ್ಣಿ ಕಣ್ಣಿಗೆ ಬಿದ್ದಳು. ಅಲ್ಲಿ ಬೀದಿದೀಪವಿಲ್ಲ, ರಸ್ತೆ ಕಿರಿದು, ನೀರು ನಿಂತು ಗುಂಡಿಗಳೇ ಕಾಣುವುದಿಲ್ಲ. ಕೂಗಬೇಕೆಂದು ಬಾಯಿ ತೆರೆದವಳು ತಡೆದುಕೊಂಡಳು. ಸಣ್ಣಿ ಬೆಚ್ಚಿಬಿದ್ದು ಹ್ಯಾಂಡಲ್ ಅತ್ತಿತ್ತ ಮಾಡಿದರೆ ಅಲ್ಲಿಗೆ ಮುಗಿಯಿತು. ಸುಮ್ಮನೆ ಹತ್ತು ಮಾರು ಹಿಂದೆ, ಸಣ್ಣಿಗಿಂತ ಒಂದಿಷ್ಟು ರಸ್ತೆಯ ಒಳಕ್ಕೆ, ತುಳಿಯುತ್ತ ಹೋದಳು. ಬರುವ ಲಾರಿ ಯಾರಿಗಾದರೂ ತಾಗುವುದೇ ಆದರೆ ಮೊದಲು ತನಗೆ ತಾಗಲಿ ಎಂಬುದು ಅವಳ ಲೆಕ್ಕ. ಹಿಂದೆ ಬೆಳಕು ಬಂದಾಗಲೆಲ್ಲ ಹಲ್ಲು ಕಚ್ಚಿ ಕಣ್ಣು ಮುಚ್ಚುತ್ತಿದ್ದಳಂತೆ. ಮೂರು ಸಲ ಬೆಳಕು ಬಂತು. ಮೂರು ಸಲವೂ ಅದು ದಾಟಿಕೊಂಡು ಹೋಯಿತು.

ಡೈರಿಯ ಗೇಟಿನಲ್ಲಿ ಇಳಿದ ಸಣ್ಣಿ ತಿರುಗಿ ನೋಡಿದಳು. ಮೈಯೆಲ್ಲ ರಾಡಿಯಾಗಿ, ಬರಿಗಾಲಿನಲ್ಲಿ, ಏದುಸಿರು ಬಿಡುತ್ತ ನಿಂತಿದ್ದವಳು ತನ್ನ ತಾಯಿಯೆಂದು ಗುರುತು ಹತ್ತಲು ಅವಳಿಗೆ ಒಂದು ಗಳಿಗೆ ಹಿಡಿಯಿತು.

"ಅಮ್ಮಾ! ಏನಾಯ್ತು?"

"ಪಟ್ಟಿ... ಪಟ್ಟಿ ಹೊಳೀತಿಲ್ಲ ಕಣೇ. ನಾನೇ ಇಸ್ತ್ರಿ ಹಾಕಿ ಹಾಳು ಮಾಡ್ಬಿಟ್ಟೆ. ಯಾರಿಗೂ ನೀನು ಕಾಣ್ತಿಲ್ಲ."

ಸಣ್ಣಿ ತಲೆ ತಗ್ಗಿಸಿದಳು. "ಗೊತ್ತಮ್ಮ. ಸೋಮವಾರಾನೇ ಇಲ್ಲಿನ ವಾಚ್‌ಮನ್ ಮಾಮ ಹೇಳಿದ್ರು."

"ಗೊತ್ತಿದ್ದೂ ಮೂರು ದಿನ ಅದನ್ನೇ ಹಾಕ್ಕೊಂಡು ಬಂದ್ಯಾ?"

"ನೀನು ಮಲಗಿದ್ದೆ. ಎರಡು ವರ್ಷ ಆದ್ಮೇಲೆ ಮೊದಲ್ನೇ ಸಲ ನಾನು ಹೊರಡುವಾಗ ನೀನು ಮಲಗಿದ್ದೆ. ಹೇಳಿದ್ರೆ ಮತ್ತೆ ಮೆಟ್ಟಿಲ ಮೇಲೆ ಕೂತ್ಕೊಳ್ತೀಯಲ್ಲ ಅಂತ..."

ಚಿಕ್ಕಮ್ಮ ಕೈಯೆತ್ತಿದಳು. ಹೊಡೆಯಲು ಎತ್ತಿದ ಕೈ ಮಗಳ ಹೆಗಲು ಹಿಡಿದುಕೊಂಡಿತು, ಬಿಡಲಿಲ್ಲ. ವಾಚ್‌ಮನ್ ಓಡಿಬಂದು ಇಬ್ಬರನ್ನೂ ತನ್ನ ಗೂಡಿನೊಳಗೆ ಕರೆದು, ಇದ್ದ ಒಂದೇ ಕುರ್ಚಿಯಲ್ಲಿ ಚಿಕ್ಕಮ್ಮನನ್ನು ಕೂರಿಸಿದ. ಬೆಳಕು ಹರಿಯುವವರೆಗೆ ಅಲ್ಲಿಂದ ಅಲ್ಲಾಡಕೂಡದೆಂದು ಸಣ್ಣಿ ಗದರಿದಳು. ಚಿಕ್ಕಮ್ಮ ಒದ್ದೆ ಸೆರಗನ್ನು ಹಿಂಡಿದಳು.

"ನಂಗೆ ತುಂಬ ಭಯ ಆಯ್ತು ಕಣೇ" ಎಂದಳು. ಯಾರ ಮುಂದೆಯೂ ಅವಳು ಆ ಮಾತನ್ನು ಬಾಯಿಬಿಟ್ಟು ಆಡಿದವಳಲ್ಲ.

ತಾಯಿಯ ಹೆದರಿಕೆಗೆ ಯಾವಾಗಲೂ ನಕ್ಕುಬಿಡುತ್ತಿದ್ದ ಸಣ್ಣಿ ಅವತ್ತು ನಗಲಿಲ್ಲ. ಕುರ್ಚಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

"ನಂಗೂ ಆಗುತ್ತಮ್ಮ. ದಿನಾ ಆಗುತ್ತೆ. ಆ ಸೇತುವೆ ಕೆಳಗೆ ಉಸಿರು ಬಿಗಿ ಹಿಡ್ಕೊಂಡೇ ದಾಟ್ತೀನಿ. ಹಿಂದೆ ಯಾರೋ ಬರ್ತಿದಾರೆ ಅಂತ ಇವತ್ತು ಗೊತ್ತಾಯ್ತು. ಅಲ್ಲಿ ಎಷ್ಟು ಹೆದರ್ಕೊಂಡಿದ್ದೆ ಅಂದ್ರೆ, ತಿರುಗಿ ನೋಡೋಕೂ ಆಗ್ಲಿಲ್ಲ."

ಪಾಳಿಯ ಸೈರನ್ ಕೂಗಿತು. ಒಳಗೆ ಹೋಗಬೇಕಾದ ಸಣ್ಣಿ ಏಳಲಿಲ್ಲ, ಚಿಕ್ಕಮ್ಮನೂ ಏಳು ಎನ್ನಲಿಲ್ಲ.