ಸರೋಜಾ ಅಕ್ಕೋರು ಮತ್ತು ಸಿಗದ ಟೈಮರ್

ಸರೋಜಾ ಅಕ್ಕೋರು ಯಾರಿಗಾದರೂ ಬೈಯುವ ಮೊದಲು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದರು. ಕನ್ನಡಕ ಇಳಿಯಿತೆಂದರೆ ಗದಗಿನ ನಮ್ಮ ಪಾಲಿಟೆಕ್ನಿಕ್ಕಿನ ಹುಡುಗರು ಬೆಂಚಿನ ಅಂಚಿಗೆ ಸರಿದು ಕೂಡುತ್ತಿದ್ದರು. ಯಾಕೆ ತೆಗೆಯುತ್ತೀರಿ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. “ಎದುರಿದ್ದವ್ರ ಮಾರಿ ಕಂಡ್ರ ಕರಳು ಚುರ್ ಅಂತೈತಿ. ಬೈಯಾಕ ಬರೂದಿಲ್ಲ” ಅಂದಿದ್ದರು.

ಅವರು ಬೆಟಗೇರಿಯ ನೇಕಾರರ ಮನೆಯ ಮಗಳು. ಎಲೆಕ್ಟ್ರಾನಿಕ್ಸ್ ಓದಿ ನಮ್ಮಲ್ಲಿ ಲೆಕ್ಚರರ್ ಆಗಿದ್ದರು. ಮದುವೆಯ ಮಾತೆತ್ತಿ ಬಂದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದ ಪುಣ್ಯಾತಗಿತ್ತಿ, ಕಾಲೇಜಿನ ಹಳೇ ಕಂಪ್ಯೂಟರಿಗೆ ತಾವೇ ಒಂದು ಪುಟ್ಟ ಕರ್ನೆಲ್ ಬರೆದಿದ್ದರು. ಕರ್ನೆಲ್ ಅಂದರೆ ಯಂತ್ರ ಎದ್ದ ಕೂಡಲೇ ಯಜಮಾನಿಕೆ ವಹಿಸಿಕೊಂಡು ಉಳಿದ ಪ್ರೋಗ್ರಾಮುಗಳಿಗೆಲ್ಲ ಸರದಿ ಹಚ್ಚುವ ಮೂಲ ಪ್ರೋಗ್ರಾಂ. ಹುಡುಗರು ಬಿಚ್ಚಿ ನೋಡಿ ಕಲಿಯಲಿ ಎಂದು ಬೇಸಿಗೆ ರಜೆಗಳನ್ನೆಲ್ಲ ಅದಕ್ಕೆ ಸುರಿದಿದ್ದರು. ಅದರ ಬಲದ ಮೇಲೆಯೇ ಅವರನ್ನು ವಿಭಾಗದ ಮುಖ್ಯಸ್ಥೆ ಮಾಡುವ ಮಾತು ನಡೆದಿತ್ತು.

ನಾನು ಶಿರಹಟ್ಟಿಯಿಂದ ಬಂದು ಸೇರಿದ ಹಂಗಾಮಿ ಲೆಕ್ಚರರ್. ಎಂಬತ್ತರ ದಶಕದ ಕೊನೆ ಅದು. ಕಾಲೇಜಿಗೆ ಹೊಸ, ಚುರುಕಾದ ಕಂಪ್ಯೂಟರ್ ಬಂತು. ಮುಚ್ಚಳ ತೆಗೆದು ಕಾರ್ಡುಗಳನ್ನು ಕೂಡಿಸಿದವಳು ನಾನು. ಅಕ್ಕೋರ ಕರ್ನೆಲ್ಲಿನ ಫ್ಲಾಪಿ ಹಾಕಿ ಸ್ವಿಚ್ ಒತ್ತಿದರೆ ಪರದೆಯ ಮೇಲೆ ಒಂದೇ ಸಾಲು: ಟೈಮರ್ ಸಿಗಲಿಲ್ಲ. ಅಲ್ಲಿಗೇ ನಿಂತುಬಿಟ್ಟಿತು. ಟೈಮರ್ ಎಂಬುದು ಯಂತ್ರದೊಳಗೆ ಒಂದೇ ಸಮನೆ ಟಿಕ್ ಟಿಕ್ ಎನ್ನುವ ಚಿಪ್. ಅದಿಲ್ಲದೆ ಕರ್ನೆಲ್ ಯಾರಿಗೂ ಸರದಿ ಹಚ್ಚಲಾರದು.

ಪ್ರಿನ್ಸಿಪಾಲರು ಹಿಂದೆಮುಂದೆ ನೋಡಲಿಲ್ಲ. ಪ್ರೋಗ್ರಾಂ ಇಷ್ಟು ವರ್ಷ ನಡೆದದ್ದು, ಕೈ ಹಾಕಿದವಳು ಹೊಸಬಳು, ಚಿಪ್ ಸುಟ್ಟಿದ್ದಾಳೆ ಎಂದರು. ಜೂನಿನಲ್ಲಿ ನನ್ನನ್ನು ಮುಂದುವರಿಸುವುದು ಕಷ್ಟ ಎಂದೂ ಹೇಳಿದರು. ಯಂತ್ರ ಸುಟ್ಟಾಕಿ ಎಂಬ ಹೆಸರು ಹತ್ತಿದರೆ ಗದಗ-ಹುಬ್ಬಳ್ಳಿಯ ಯಾವ ಲ್ಯಾಬಿನಲ್ಲೂ ನನ್ನನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅಕ್ಕೋರು ಕೂಡ ಅವತ್ತು ಎಲ್ಲರೆದುರು ಕನ್ನಡಕ ತೆಗೆದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆದರೆ ಬೈದು ಕೈ ತೊಳೆದುಕೊಳ್ಳುವ ಪೈಕಿ ಅಲ್ಲ ಅವರು. ಹೊಸ ಯಂತ್ರದ ಟೈಮರ್ ಚಿಪ್ಪನ್ನು ಕಿತ್ತು ಹಳೆಯದಕ್ಕೆ ಹಾಕಿದರು; ಹಳೆಯದು ಆರಾಮಾಗಿ ಎದ್ದಿತು. ಅಂದರೆ ಚಿಪ್ ಸುಟ್ಟಿಲ್ಲ. ಹಳೆಯ ಚಿಪ್ಪನ್ನು ಹೊಸದಕ್ಕೆ ಹಾಕಿದರು. ಮತ್ತೆ ಅದೇ ಸಾಲು. ಹಾಗಾದರೆ ಬೋರ್ಡೇ ಕೆಟ್ಟಿದೆ ಎಂದರು ಪ್ರಿನ್ಸಿಪಾಲರು. ಅದನ್ನು ಕೆಡಿಸಿದವಳೂ ನಾನೇ, ಇನ್ಯಾರು! ಅಕ್ಕೋರು ತಮ್ಮ ಪ್ರೋಗ್ರಾಮಿನ ಹಾಳೆ ಹರವಿಕೊಂಡು ಕೂತರು. ಮಧ್ಯಾಹ್ನ ಎದ್ದು ಬಂದವರೇ ಹೊಸ ಯಂತ್ರದ ಮುಂದಿದ್ದ, ವೇಗ ಏರಿಸಿ ಇಳಿಸುವ ಗುಂಡಿ ಒತ್ತಿ, ಅದನ್ನು ಬೇಕಂತಲೇ ನಿಧಾನ ಮಾಡಿದರು. ಕರ್ನೆಲ್ ಎದ್ದು ಕೂತಿತು.

ನಾನು ಕುಣಿಯುವುದೊಂದು ಬಾಕಿ. ಅಕ್ಕೋರ ಮುಖ ಮಾತ್ರ ಸಪ್ಪಗಾಗಿತ್ತು.

“ನಮ್ಮಪ್ಪ ಮಗ್ಗದ ಕುಣ್ಯಾಗ ಕುಂತಿರತಿದ್ದ” ಅಂದರು. “ಹೊರಗಿಂದ ಕರೆದ್ರ, ಲಾಳಿ ಈ ಕಡೆ ಮುಟ್ಟೂತನಕ ಓ ಅಂತಿರಲಿಲ್ಲ. ಓಣಿಯವ್ರು ಕಾಯತಿದ್ರು. ಪರಊರವ್ರು ಮನ್ಯಾಗ ಯಾರೂ ಇಲ್ಲಂತ ಹೊಳ್ಳಿ ಹೋಗತಿದ್ರು. ನನ್ನ ಪ್ರೋಗ್ರಾಂ ಹಂಗ ಹೊಳ್ಳಿ ಹೋಗೇತಿ.”

ಟೈಮರಿನ ಟಿಕ್ ಬರುವತನಕ ಹೊತ್ತು ಕಳೆಯಲು ಅವರು ಕರ್ನೆಲ್ಲಿಗೆ ಅಂಕಿ ಎಣಿಸಲು ಹೇಳಿದ್ದರು. ಎಣಿಕೆ ಮುಗಿದರೂ ಟಿಕ್ ಬರದಿದ್ದರೆ ಟೈಮರ್ ಇಲ್ಲ ಎಂದು ಅರ್ಥ. ಹಳೆಯ ಯಂತ್ರ ಸಾವಕಾಶ ಎಣಿಸುತ್ತಿತ್ತು. ಹೊಸದು ಗಡಬಡಿಸಿ ಎಣಿಸಿ, ಟಿಕ್ ಬರುವ ಮೊದಲೇ ಇಲ್ಲ ಅಂದುಬಿಡುತ್ತಿತ್ತು. ಬೋರ್ಡಿನಲ್ಲಿ ದೋಷವಿರಲಿಲ್ಲ, ನನ್ನ ಕೈಯಲ್ಲಂತೂ ಇರಲೇ ಇಲ್ಲ.

ಎಣಿಕೆ ಹೆಚ್ಚಿಸಿ ಸುಮ್ಮನಿದ್ದುಬಿಡಿ, ಯಂತ್ರ ತಾನೇ ಸರಿಯಾಯಿತು ಅಂದರಾಯಿತು ಎಂದೆ. ಮುಖ್ಯಸ್ಥರ ಆಯ್ಕೆ ಆ ವಾರವೇ ಇತ್ತು. ಹೆಂಗಸಿಗೆ ಆ ಕುರ್ಚಿ ಯಾಕೆ ಎನ್ನುವವರು ಹೊಂಚು ಹಾಕಿಯೇ ಕೂತಿದ್ದರು. ಅಕ್ಕೋರು ಬೇಡವೆಂದು ತಲೆಯಾಡಿಸಿದರು.

“ಸುಮ್ಮಿದ್ರ ನಿನ್ನ ಮ್ಯಾಲೆ ಬಂದ ಹೆಸರು ಹೋಗೂದಿಲ್ಲ ತಂಗಿ. ಅದು ನಂದು, ನನ್ನ ಕಡೆನ ಬರಲಿ.”

ಚಹಾದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ಎದ್ದು ನಿಂತರು. ಹುಡುಗಿಯ ತಪ್ಪೇನೂ ಇಲ್ಲ, ಎಣಿಕೆ ತಪ್ಪಿದವಳು ತಾನು, ಅವಳಿಗೆ ಸುಮ್ಮಸುಮ್ಮನೆ ಬೈದವಳೂ ತಾನು ಎಂದು ಎಲ್ಲರೆದುರು ಹೇಳಿದರು. ಒಬ್ಬಿಬ್ಬರು ಮುಸಿಮುಸಿ ನಕ್ಕರು. ಅವರ ಹಲ್ಲು ಉದುರಿಸಬೇಕು ಅನ್ನಿಸಿತ್ತು ನನಗೆ. ಜೂನಿನಲ್ಲಿ ನಾನು ಕಾಯಂ ಆದೆ. ಕುರ್ಚಿ ಬೇರೆಯವರ ಪಾಲಾಯಿತು.

ಎಷ್ಟೋ ವರ್ಷಗಳ ಮೇಲೆ ಅದೇ ಕುರ್ಚಿ ನನಗೆ ಬಂತು. ಅಕ್ಕೋರು ಆಗ ನೌಕರಿ ಬಿಟ್ಟು ಮುಂಡರಗಿಯಲ್ಲಿ ತಂಗಿಯ ಮನೆಯಲ್ಲಿದ್ದರು. ಕಾಯಿಲೆ ಅವರನ್ನು ಅರ್ಧ ಮಾಡಿತ್ತು. ಹೋಗಿ ಸುದ್ದಿ ಹೇಳಿದೆ. ಇದು ನಿಮ್ಮದಾಗಬೇಕಿದ್ದ ಕುರ್ಚಿ, ನನ್ನ ಸಲುವಾಗಿ ತಪ್ಪಿತು ಎನ್ನುವಾಗ ಅಳು ತಡೆಯಲಾಗಲಿಲ್ಲ.

“ಅವತ್ತ ನಾ ಕುರ್ಚಿ ಹಿಡಕೊಂಡು ಕುಂತಿದ್ರ, ಇವತ್ತ ನನ್ನ ನೋಡಾಕ ನೀ ಮುಂಡರಗಿ ಬಸ್ ಹತ್ತತಿದ್ದೇನು?”

ಇಲ್ಲ ಎಂದೆ. ಅವರೆದುರು ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ.

“ಆತಲ್ಲ ಮತ್ತ. ಏಳು, ರೊಟ್ಟಿ ಆರತಾವ” ಎನ್ನುತ್ತ ತಾಟನ್ನು ನನ್ನ ಕಡೆ ಸರಿಸಿದರು.

ಆಮೇಲೆ ನಾನು ಮುಂಡರಗಿ ಬಸ್ ಹತ್ತಿದ್ದು ಅವರ ಮಣ್ಣಿಗೆ.