ಬಿಲ್ಲೆ ಕಿತ್ತವನ ಆಯುಷ್ಯ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಲಿಫ್ಟ್ ಕಂಪನಿಯಲ್ಲಿ ಮೆಕ್ಯಾನಿಕ್. ಜೊತೆಗೆ ಪಕ್ಕಾ ನಾಸ್ತಿಕರು. ಮೊದಲನೆಯದು ಅವರಿಗೆ ಸಂಬಳ ತಂದಿತು, ಎರಡನೆಯದು ನೆಂಟರಿಷ್ಟರ ಬೈಗುಳ. ನಾನು ಅಂಗಡಿಗಳ ಬೋರ್ಡು ಬರೆಯುವವನು. ದೇವರ ವಿಷಯದಲ್ಲಿ ನನಗೆ ಹಟವಿಲ್ಲ. ಏಣಿ ಹತ್ತುವಾಗ ನೆನೆಯುತ್ತೇನೆ, ಇಳಿದ ಮೇಲೆ ಮರೆಯುತ್ತೇನೆ. ಭಾವ ಹಾಗಲ್ಲ. ಕಾಲು ಜಾರಿದರೂ ‘ಅಯ್ಯೋ’ ಎಂಬಲ್ಲಿಗೇ ನಿಲ್ಲಿಸಿ ಬೀಳುವ ಮನುಷ್ಯ.

ಇಂಥವರು ಇಪ್ಪತ್ತಾರು ವರ್ಷ ಒಂದೇ ಒಂದಕ್ಕಾಗಿ ಕಾದರು. ಒಬ್ಬ ಮುದುಕ ಸಾಯುವುದಕ್ಕೆ ಮುಂಚೆ ನಿಜ ಹೇಳಬೇಕು, ಅಷ್ಟೇ.

ಲಿಫ್ಟಿನ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಲಿಫ್ಟಿನ ಅಡಿಯ ಗುಂಡಿಗೆ ಇಳಿಯುವ ಮೊದಲು ಮೆಕ್ಯಾನಿಕ್ ಮೇನ್ ಸ್ವಿಚ್ ಆರಿಸಿ, ಅದರ ಹಿಡಿಗೆ ತನ್ನ ನಂಬರಿನ ಕೆಂಪು ಬಿಲ್ಲೆಯನ್ನು ತಂತಿಯಿಂದ ಕಟ್ಟಬೇಕು. ಕಟ್ಟಿದ ಕೈಯೇ ಬಿಚ್ಚಬೇಕು. ಮಾಲೀಕ ಬರಲಿ, ಮಂತ್ರಿ ಬರಲಿ, ಬೇರೆಯವರು ಮುಟ್ಟುವಂತಿಲ್ಲ. ಆ ಬಿಲ್ಲೆ ನೇತಾಡುತ್ತಿದೆ ಎಂದರೆ ಕೆಳಗೆ ಒಬ್ಬ ಮನುಷ್ಯ ಇದ್ದಾನೆ ಎಂದರ್ಥ.

ಭಾವನ ತಮ್ಮನೂ ಅದೇ ಕಂಪನಿಯಲ್ಲಿದ್ದ. ಬಾಯಲ್ಲಿ ಸದಾ ಹಾಡಿನ ಸಿಳ್ಳೆ, ಹಾಗಾಗಿ ಎಲ್ಲರಿಗೂ ಅವನು ‘ಸಿಳ್ಳೆ’. ಇಪ್ಪತ್ನಾಲ್ಕು ವರ್ಷ. ಎಂಟು ಮಹಡಿಯ ಆಫೀಸು ಕಟ್ಟಡವೊಂದರ ಲಿಫ್ಟಿನ ಗುಂಡಿಯಲ್ಲಿ ಅವನು ಕೆಲಸ ಮಾಡುತ್ತಿದ್ದಾಗ ಲಿಫ್ಟು ಮೇಲಿಂದ ಬಂದು ಅವನ ಮೇಲೆ ಕೂತಿತು. ಬಿಲ್ಲೆ ಸ್ವಿಚ್ಚಿನ ಮೇಲಿರಲಿಲ್ಲ. ಲಿಫ್ಟಿನ ಬಾಗಿಲ ಪಕ್ಕ ಇಟ್ಟಿದ್ದ ಅವನದೇ ಸಾಮಾನಿನ ಪೆಟ್ಟಿಗೆಯಲ್ಲಿತ್ತು. ಹುಡುಗ ಬಿಲ್ಲೆ ಕಟ್ಟೋದು ಮರೆತಿದ್ದಾನೆ, ನಾನೇನು ಮಾಡಲಿ ಅಂದ ಕಟ್ಟಡದ ಮ್ಯಾನೇಜರ್. ವಿಚಾರಣೆಯವರು ತಲೆಯಾಡಿಸಿ ಬರೆದುಕೊಂಡರು.

ಭಾವ ಪೆಟ್ಟಿಗೆ ತೆರೆದು ನೋಡಿದ್ದರು. ಬಿಲ್ಲೆಯ ತೂತಿನಲ್ಲಿ ತಂತಿ ಇನ್ನೂ ಇತ್ತು, ಕೈಯಿಂದ ಎಳೆದು ಕಿತ್ತ ತಂತಿ. ಸಿಳ್ಳೆ ಇಕ್ಕಳದಿಂದ ಮೂರು ಸುತ್ತು ಸುತ್ತಿ, ಇಕ್ಕಳದಿಂದಲೇ ಮೂರು ಸುತ್ತು ಬಿಚ್ಚುವವನು. ತಂತಿ ಕೀಳುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ‘ಹಳೇ ತಂತಿ ಇರಬಹುದು’ ಎಂದರು ವಿಚಾರಣೆಯವರು. ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದರೆ ಅವರ ಪಾಲಿಗೆ. ಕಂಪನಿಯವರು ಹೊಸಬರಿಗೆ ಪಾಠ ಹೇಳಲು ಒಂದು ಪುಸ್ತಕ ಅಚ್ಚು ಹಾಕಿಸಿದರು. ಅದರ ನಾಲ್ಕನೆಯ ಪುಟದಲ್ಲಿ ಸಿಳ್ಳೆಯನ್ನು ಕೂರಿಸಿದರು: ‘ಬಿಲ್ಲೆ ಕಟ್ಟದ ಅಸಡ್ಡೆಯಿಂದ ಪ್ರಾಣ ಕಳೆದುಕೊಂಡ ಮೆಕ್ಯಾನಿಕ್. ಸಾವು ತಕ್ಷಣ ಸಂಭವಿಸಿತು.’ ಮುಂದೆ ಭಾವನಿಗೇ ಪಾಠ ಹೇಳುವ ಕೆಲಸ ಬಂತು. ಆರು ತಿಂಗಳಿಗೊಮ್ಮೆ ಹೊಸ ಮುಖಗಳ ಎದುರು ನಿಂತು ಅವರು ಆ ಪುಟ ಓದುತ್ತಿದ್ದರು. ಸತ್ತವನು ತನ್ನ ಒಡಹುಟ್ಟಿದ ತಮ್ಮ ಎಂದು ಹೇಳುತ್ತಿರಲಿಲ್ಲ.

“ಬಿಟ್ಟುಬಿಡಿ ಭಾವ, ಆ ಕೆಲಸ ಬೇಡ” ಎಂದು ನಾನು ಒಮ್ಮೆ ಅಂದೆ.

“ನಾನು ಬಿಟ್ರೆ ಇನ್ನೊಬ್ಬ ಓದ್ತಾನೆ. ಅವನು ನಗ್ತಾ ಓದ್ತಾನೆ” ಎಂದರು.

ಭಾವನ ತಾಯಿಯನ್ನು ನಾನೂ ಅತ್ತೆ ಎಂದೇ ಕರೆಯುವುದು. ಈಗ ಎಂಬತ್ತಮೂರು, ಹಲ್ಲು ಹೋಗಿದೆ, ನಾಲಿಗೆ ಹೋಗಿಲ್ಲ. ಆ ನಾಲ್ಕನೆಯ ಪುಟದಲ್ಲಿ ಅವರು ಹಿಡಿದುಕೊಂಡದ್ದು ಒಂದೇ ಮಾತು, ‘ತಕ್ಷಣ’. “ಮಗೂಗೆ ಗೊತ್ತೇ ಆಗ್ಲಿಲ್ಲವಂತೆ. ಅಷ್ಟರ ಮಟ್ಟಿಗೆ ಪುಣ್ಯ” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮ್ಯಾನೇಜರನ ಮಾತು ಬಂದರೆ ಮಾತ್ರ ಅಮ್ಮ-ಮಗನಿಗೆ ಜಟಾಪಟಿ.

“ಮೇಲಿನವನು ನೋಡ್ಕೋತಾನೆ ಬಿಡು” ಎನ್ನುವರು ಅತ್ತೆ. “ಇಲ್ಲಿ ತಪ್ಪಿಸ್ಕೊಂಡೋನು ಅಲ್ಲಿ ತಪ್ಪಿಸ್ಕೊಳ್ಳೋಕಾಗಲ್ಲ.”

“ಅಮ್ಮ, ಅಲ್ಲಿ ಅಂತ ಒಂದು ಜಾಗ ಇದ್ದಿದ್ರೆ ನಾನೂ ನಿನ್ನ ಹಾಗೆ ಕಾಲು ಚಾಚ್ಕೊಂಡು ಮಲಗ್ತಿದ್ದೆ. ಇಲ್ಲ. ಅವನು ನಿದ್ದೇಲಿ ಸತ್ರೆ ಗೆದ್ದ ಅಂತಾನೇ ಲೆಕ್ಕ.”

“ನಾಲಿಗೆಗೆ ಹುಳ ಬೀಳ್ತದೆ ನೋಡು.”

“ಬಿದ್ರೆ ಮೊದಲು ಅವನ ನಾಲಿಗೆಗೆ ಬೀಳ್ಬೇಕಿತ್ತಲ್ಲ?”

ದೇವರಿಲ್ಲ ಎನ್ನುವವರಿಗೆ ಪಾಪದ ಹೆದರಿಕೆ ಇರುವುದಿಲ್ಲ ಎನ್ನುತ್ತಾರೆ ಜನ. ನಾನು ಕಂಡದ್ದು ಬೇರೆ. ನಮ್ಮಂಥವರು ನ್ಯಾಯವನ್ನು ಮೇಲಿನವನ ತಲೆಗೆ ಕಟ್ಟಿ ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತೇವೆ. ಭಾವನಿಗೆ ಆ ಸೌಕರ್ಯ ಇರಲಿಲ್ಲ.

ಹೋದ ವರ್ಷ ಮ್ಯಾನೇಜರನ ಮಗಳು ಫೋನ್ ಮಾಡಿದಳು. ಶಾಲೆಯಲ್ಲಿ ಟೀಚರ್, ಗಂಡನನ್ನು ಕಳೆದುಕೊಂಡ ಮೇಲೆ ತಂದೆಯ ಜೊತೆಗೇ ಇರುವವಳು. ಅಪ್ಪನಿಗೆ ಮೂಳೆಯ ಕ್ಯಾನ್ಸರ್, ಡಾಕ್ಟರು ಹತ್ತು ದಿನ ಎಂದಿದ್ದಾರೆ, ನಿಮ್ಮನ್ನು ನೋಡಬೇಕು ಅಂತಿದ್ದಾರೆ ಎಂದಳು. ಭಾವ ನನ್ನನ್ನು ಎಳೆದುಕೊಂಡು ಹೊರಟರು. ನನ್ನ ಕೈಬರಹ ಚೆನ್ನ, ಸಾಕ್ಷಿಗೂ ಒಬ್ಬ ಬೇಕು.

ಕೋಣೆ ಚೊಕ್ಕಟವಾಗಿತ್ತು. ಒಗೆದ ಹೊದಿಕೆ, ಕಿಟಕಿಗೆ ಹಸಿರು ಪರದೆ, ಮಾತ್ರೆಗಳ ಡಬ್ಬಿಗಳ ಮೇಲೆ ಮಗಳ ದುಂಡು ಅಕ್ಷರದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಹಾಸಿಗೆಯಲ್ಲಿ ಮುದುಕ ಒಣಗಿದ ಹುಣಸೆಹಣ್ಣಿನ ಹಾಗೆ ಮುದುಡಿದ್ದ. ಮಗಳು ನಮಗೆ ಕುರ್ಚಿ ಕೊಟ್ಟು, “ಅಪ್ಪ ಜೀವಮಾನದಲ್ಲಿ ಯಾರಿಗೂ ಕೆಟ್ಟದ್ದು ಮಾಡ್ದೋರಲ್ಲ, ಯಾಕೋ ನಿಮ್ಮನ್ನೇ ಕೇಳ್ತಿದ್ದಾರೆ” ಎಂದು ಹೇಳಿ ಟೀ ತರಲು ಹೋದಳು.

“ಬಾಪ್ಪ” ಎಂದ ಮುದುಕ. “ಆ ಬಿಲ್ಲೆ ಕಿತ್ತಿದ್ದು ನಾನೇ. ಟೀ ಹೊತ್ತು, ಹುಡುಗ ಟೀಗೆ ಹೋಗಿದ್ದಾನೆ, ತೆಗೆಯೋದು ಮರೆತಿದ್ದಾನೆ ಅಂದ್ಕೊಂಡೆ. ಮಾಲೀಕರು ಬರೋರಿದ್ರು. ದಿನಾ ದೇವರ ಹತ್ರ ಅತ್ತಿದ್ದೀನಿ. ಅವನು ಕ್ಷಮಿಸಿದ್ದಾನೆ ಅಂತ ನನ್ನ ಮನಸ್ಸಿಗೆ ಗೊತ್ತಾಗಿದೆ. ನೀನೂ ಒಂದ್ ಮಾತು ಅಂದ್ಬಿಟ್ರೆ ನೆಮ್ಮದಿಯಾಗಿ ಹೋಗ್ತೀನಿ.”

ಭಾವ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡರು. “ಸಾರ್, ಸತ್ತಿದ್ದು ನಮ್ಮ ಹುಡುಗ. ಕ್ಷಮಿಸೋಕೆ ಆ ದೇವರು ಯಾರು?”

ಮುದುಕ ಕಣ್ಣು ಪಿಳಿಪಿಳಿ ಬಿಟ್ಟ.

“ನಿಮಗೆ ನರಕ ಇಲ್ಲ ಸಾರ್, ಹೆದರ್ಬೇಡಿ. ಸ್ವರ್ಗಾನೂ ಇಲ್ಲ. ನೀವು ಅತ್ತಿದ್ದು ಖಾಲಿ ಗೋಡೆ ಮುಂದೆ. ನಿಮ್ಮ ಹತ್ರ ಇರೋದು ಈ ಹತ್ತು ದಿನ. ಮಗಳನ್ನ ಕರೀತೀನಿ. ಅವಳ ಮುಂದೆ ಹೇಳಿ, ಇವನು ಬರ್ಕೋತಾನೆ, ನೀವು ರುಜು ಹಾಕಿ.”

“ಮಗಳು ಬೇಡಪ್ಪ. ಕೈ ಮುಗೀತೀನಿ. ಅವಳೊಬ್ಬಳೇ ನನಗೆ.”

“ನಮ್ಮಮ್ಮನಿಗೂ ಕಿರಿಯವನು ಅಂತ ಒಬ್ಬನೇ ಇದ್ದ.”

ಸಾಯುವವನ ಕತ್ತಿನ ಮೇಲೆ ಕಾಲಿಟ್ಟ ಹಾಗಿತ್ತು ಅದು. “ಭಾವ” ಎಂದು ಮೆಲ್ಲಗೆ ಅಂದೆ, ಅವರು ನನ್ನ ಕಡೆ ತಿರುಗಲೂ ಇಲ್ಲ. ಎದ್ದು ಹೋಗಿ ಮಗಳನ್ನು ಕರೆತಂದರು.

ಮುದುಕ ಹೇಳಿದ. ನಾನು ಬರೆದೆ. ಬಿಲ್ಲೆ ಕಿತ್ತದ್ದು, ಸ್ವಿಚ್ ಹಾಕಿದ್ದು, ಮಾಲೀಕರ ಕಾರು ಬರುವುದರೊಳಗೆ ಲಿಫ್ಟು ಕೆಳಗಿರಲಿ ಎಂದು ತಾನೇ ಬಟನ್ ಒತ್ತಿದ್ದು. ಆಮೇಲೆ ಬಿಲ್ಲೆಯನ್ನು ಪೆಟ್ಟಿಗೆಗೆ ಹಾಕಿದ್ದು. ರುಜು ಹಾಕಿ, “ಹಗುರಾಯ್ತು” ಎಂದ. ಆ ಮಾತು ಕೇಳಿ ಅವನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು ನನಗೆ. ಒಂದು ಗಳಿಗೆ ಮುಂಚೆ ಅವನಿಗಾಗಿ ಮರುಗಿದ್ದವನೂ ನಾನೇ.

ಭಾವ ಕಾಗದ ಮಡಚುತ್ತಿದ್ದರು. ಟೀ ಲೋಟಗಳ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದ ಮಗಳು ಬಾಯಿ ತೆರೆದಳು. ಮಕ್ಕಳ ಸುಳ್ಳು ಹಿಡಿದು ಹಿಡಿದು ಪಳಗಿದ ದನಿ.

“ಅಪ್ಪ, ಮೊದಲು ಯಾವುದು ಮಾಡ್ದೆ? ಜನರನ್ನ ಕೂಗಿದ್ದಾ, ಬಿಲ್ಲೆ ಬಚ್ಚಿಟ್ಟಿದ್ದಾ?”

ಮುದುಕ ಗೋಡೆಯ ಕಡೆ ತಿರುಗಿದ.

“ಅಪ್ಪ, ನನ್ನ ನೋಡು.”

“ಬಿಲ್ಲೆ.”

“ಆಗ ಆ ಹುಡುಗ ಬದುಕಿದ್ನಾ?”

“ನರಳ್ತಿದ್ದ. ನೀರು ನೀರು ಅಂತಿದ್ದ.” ಮುದುಕನ ದನಿ ಇಳಿಯಿತು. “ಬದುಕಿದ್ರೆ ಬಿಲ್ಲೆ ಕಟ್ಟಿದ್ದೆ ಅಂತ ಹೇಳ್ಬಿಡ್ತಿದ್ದ. ಅವನು ಸುಮ್ಮನಾಗೋವರೆಗೂ ಬಾಗಿಲ ಹತ್ರಾನೇ ನಿಂತಿದ್ದೆ.”

ಮಗಳು ತಟ್ಟೆಯನ್ನು ಕೆಳಗಿಟ್ಟಳು. ಭಾವನ ಕೈಯಿಂದ ಕಾಗದ ತೆಗೆದುಕೊಂಡು, ನನ್ನ ಪೆನ್ನು ಕೇಳಿ ಪಡೆದು, ಅಪ್ಪ ಹೇಳಿದ ಆ ಮಾತುಗಳನ್ನು ತನ್ನ ದುಂಡು ಅಕ್ಷರದಲ್ಲಿ ಕೆಳಗೆ ಸೇರಿಸಿ ಸಾಕ್ಷಿ ಹಾಕಿದಳು. ಆಮೇಲೆ ಹೊರಗೆ ಹೋದಳು. ಅಪ್ಪನ ಕೋಣೆಗೆ ಅವಳು ಮತ್ತೆ ಕಾಲಿಡಲಿಲ್ಲ. ಒಬ್ಬ ನರ್ಸನ್ನು ಗೊತ್ತು ಮಾಡಿದಳು. ಇದನ್ನು ಆ ನರ್ಸೇ ನನಗೆ ಹೇಳಿದ್ದು.

ದಾರಿಯಲ್ಲಿ ಭಾವ ಕಾಗದ ಬಿಚ್ಚಿ ಮಗಳು ಬರೆದ ಸಾಲುಗಳನ್ನೇ ಮತ್ತೆ ಮತ್ತೆ ಓದಿದರು. ಇಪ್ಪತ್ತಾರು ವರ್ಷ ಅವರು ಕೂಡ ಆ ‘ತಕ್ಷಣ’ವನ್ನು ನಂಬಿದ್ದರು ಎಂದು ನನಗೆ ಅವತ್ತು ತಿಳಿಯಿತು. ಕೇಸು ಹಾಕಬಹುದು, ಆದರೆ ಮೊದಲ ವಾಯಿದೆಗೂ ಆಸಾಮಿ ಉಳಿಯುವುದಿಲ್ಲ ಎಂದರು ವಕೀಲರು. ಕಂಪನಿಯವರು ಕಾಗದ ನೋಡಿ ನಾಲ್ಕನೆಯ ಪುಟವನ್ನು ಬದಲಿಸಲು ಒಪ್ಪಿದರು. ಉಳಿದದ್ದು ಅತ್ತೆ.

“ಕೊನೆಯ ನಾಲ್ಕು ಸಾಲು ಓದ್ಬೇಡಿ ಭಾವ” ಎಂದು ಬಾಗಿಲಲ್ಲೇ ಬೇಡಿಕೊಂಡೆ. “ಮುದುಕಿ ಜೀವ. ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗುತ್ತೆ?”

“ಸುಳ್ಳಿಂದಲೇ ಇಷ್ಟೆಲ್ಲ ಆಗಿದ್ದು” ಎಂದು ಅವರು ಒಳಗೆ ಹೋಗಿ, ಅತ್ತೆಯ ಮಂಚದ ಅಂಚಿನಲ್ಲಿ ಕೂತು, ಮುದುಕ ಅಂದದ್ದನ್ನೆಲ್ಲ ಹೇಳಿ, ಕಾಗದವನ್ನು ಪೂರ್ತಿ ಓದಿದರು. ನೀರು ನೀರು ಎನ್ನುವಲ್ಲಿ ನಿಲ್ಲಿಸಿ, ಮತ್ತೆ ಮೊದಲಿನಿಂದ ಆ ಸಾಲು ಓದಿದರು. ಆ ಹೊತ್ತು ನಾನು ಅವರನ್ನು ದ್ವೇಷಿಸಿದೆ.

ಅತ್ತೆ ಅಳಲಿಲ್ಲ.

“ದೇವರು ಕ್ಷಮಿಸಿದ್ದಾನೆ ಅಂದ್ನಾ ಅವನು?”

“ಹೂಂ.”

“ಅವನಿಗೆ ನೋವಿದ್ಯಾ?”

“ತುಂಬ ಇದೆಯಮ್ಮ. ಮೂಳೆ ನೋವು. ಮಾತ್ರೆಗೂ ಬಗ್ಗಲ್ಲವಂತೆ.”

“ನೀನು ಹೇಳೋ ಹಾಗೆ, ಸತ್ರೆ ಆ ನೋವು ನಿಂತ್ಹೋಗುತ್ತಾ?”

ಭಾವ ಉತ್ತರಿಸಲು ತಡವರಿಸಿದ್ದನ್ನು ನಾನು ಅದೇ ಮೊದಲು ನೋಡಿದ್ದು. “ನಿಂತ್ಹೋಗುತ್ತೆ” ಎಂದರು ಕೊನೆಗೆ.

ಮಾರನೆಯ ಬೆಳಿಗ್ಗೆ ಅತ್ತೆ ಪ್ರಾರ್ಥನೆಗೆ ಕೂತಾಗ ಮನೆಗೆಲ್ಲ ಕೇಳುವಂತೆ ಬೇಡಿಕೊಂಡರು. “ಆ ಮುದುಕನಿಗೆ ಆಯುಷ್ಯ ಕೊಡು. ಇವತ್ತೇ ಕರ್ಕೋಬೇಡ. ನೋವೂ ಇರ್ಲಿ, ಆಯುಷ್ಯಾನೂ ಇರ್ಲಿ.” ಅಕ್ಕನ ಕೈಯಲ್ಲಿದ್ದ ಪಾತ್ರೆ ಹಾಗೇ ನಿಂತಿತು. ಎರಡನೆಯ ದಿನವೂ ಅದೇ, ಮೂರನೆಯ ದಿನವೂ ಅದೇ.

“ಅಮ್ಮ, ಹೀಗೆಲ್ಲ ಕೇಳ್ಬೇಡಮ್ಮ” ಎಂದರು ಭಾವ.

“ಯಾಕೋ? ಕೇಳಿಸ್ಕೊಳ್ಳೋರೇ ಇಲ್ಲ ಅಂತೀಯಲ್ಲ, ನಿನಗೇನು ಕಷ್ಟ?”

ಭಾವ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಹತ್ತು ದಿನ ಎಂದಿದ್ದ ಡಾಕ್ಟರ ಮಾತು ಸುಳ್ಳಾಯಿತು. ಇಪ್ಪತ್ತಾಯಿತು, ನಲವತ್ತಾಯಿತು. ವಾರಕ್ಕೊಮ್ಮೆ ಅತ್ತೆ ನನ್ನನ್ನು ಆ ಬೀದಿಗೆ ಅಟ್ಟುತ್ತಿದ್ದರು. ನಾನು ನರ್ಸನ್ನು ವಿಚಾರಿಸಿ ಬಂದು ಹೇಳುತ್ತಿದ್ದೆ: ಬೆನ್ನಿಗೆ ಹುಣ್ಣಾಗಿದೆ, ಕೂಗು ಬೀದಿಗೆ ಕೇಳುತ್ತದೆ, ಮಗಳ ಹೆಸರು ಹಿಡಿದು ಕರೆಯುತ್ತಾನೆ, ಮಗಳು ಸಂಜೆಯವರೆಗೂ ಶಾಲೆಯಲ್ಲೇ ಕೂತಿರುತ್ತಾಳೆ. ಅತ್ತೆ ಬಿಡಿಸಿ ಬಿಡಿಸಿ ಕೇಳುತ್ತಿದ್ದರು. ಅವತ್ತು ಒಂದು ತುತ್ತು ಹೆಚ್ಚಿಗೆ ಉಣ್ಣುತ್ತಿದ್ದರು. ಭಾವ ಮಾತ್ರ ತಟ್ಟೆ ಬಿಟ್ಟು ಏಳುತ್ತಿದ್ದರು. ‘ಇನ್ನು ಸಾಕು, ಅವನು ಹೋದ್ರೆ ಸಾಕು’ ಎಂದು ಒಮ್ಮೆ ಬಚ್ಚಲ ಹತ್ತಿರ ತಮ್ಮಷ್ಟಕ್ಕೇ ಅಂದುಕೊಂಡದ್ದನ್ನು ನಾನು ಕೇಳಿದೆ.

ಎಪ್ಪತ್ತೊಂದನೆಯ ದಿನ ಮಧ್ಯಾಹ್ನ ಮುದುಕ ಸತ್ತ. ನಾನು ಬಂದು ಹೇಳಿದಾಗ ಅತ್ತೆ ಕೈ ತೊಳೆಯುತ್ತಿದ್ದರು. ಒದ್ದೆ ಕೈಯಲ್ಲೇ ಮಗನ ಕಡೆ ತಿರುಗಿದರು.

“ಅವನಿಗೆ ಇಷ್ಟೇನಾ?”

“ಇಷ್ಟೇ ಕಣಮ್ಮ” ಎಂದರು ಭಾವ.