ಸೋಮವಾರವೇ ಹೊರಟ ಚೀಲ

ಹಾಲು ಉಕ್ಕಿದರೂ ಕರೆಂಟು ಹೋದರೂ ಐಮಂಗಲದ ನಮ್ಮ ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು "ಆತು ಬಿಡಪ್ಪ" ಅನ್ನುತ್ತಿದ್ದಳು. ಅವಳು ಹಾಗೆ ಬಿಡದಿದ್ದದ್ದು ಮಂಗಳವಾರವನ್ನು ಮಾತ್ರ.

ಬ್ಯಾಂಕಾಕ್ ಪ್ರವಾಸಕ್ಕೆ ಹೊರಟ ನಾನೂ ನನ್ನ ಹೆಂಡತಿಯೂ ಒಂದು ಸೋಮವಾರ ಅವಳ ಮನೆಯಲ್ಲಿ ಉಳಿದೆವು. ಮರುದಿನ ಸಂಜೆ ಬೆಂಗಳೂರಿನಿಂದ ವಿಮಾನ. ಮಂಗಳವಾರ ಊರು ಬಿಡಬಾರದು. ಬಿಡಲೇಬೇಕಾದರೆ ಹಿಂದಿನ ದಿನವೇ ಒಂದು ಸಾಮಾನನ್ನು ಪಕ್ಕದ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದ ಲೆಕ್ಕ. ದೊಡ್ಡಮ್ಮ ನಮ್ಮನ್ನು ಕೇಳದೆಯೇ ಆ ಕೆಲಸ ಮುಗಿಸಿದ್ದಳು. ಮಂಡಿನೋವಿದ್ದುದರಿಂದ ಇದ್ದುದರಲ್ಲಿ ಹಗುರವಾದ ಸಣ್ಣ ಚೀಲ ಆರಿಸಿದ್ದಳು. ಪಾಸ್‌ಪೋರ್ಟುಗಳು ಅದರಲ್ಲಿದ್ದವು.

ಬೆಳಿಗ್ಗೆ ನೋಡಿದರೆ ಪಕ್ಕದ ಮನೆಗೆ ಬೀಗ. ಮನೆಯವನು ಕುರಿ ಹೊಡೆದುಕೊಂಡು ಹೋಗಿದ್ದ. ನನ್ನ ಹೆಂಡತಿ ಬೀಗ ಹಿಡಿದು ಜಗ್ಗಿದಳು.

"ಯಾಕಪ್ಪ ಗಾಬರಿ? ನೀವು ನಿನ್ನೇನೇ ಹೊರಟಾಗೈತೆ," ಎಂದಳು ದೊಡ್ಡಮ್ಮ. "ಕುಂತ್ಕಂಡು ತಿಂಡಿ ತಿನ್ರಿ."

ತಿನ್ನಲಿಲ್ಲ. ಹೈವೇ ಪಕ್ಕದ ಬಯಲುಗಳನ್ನೆಲ್ಲ ಸುತ್ತಿದ ಮೇಲೆ ಕುರಿಯವನು ಸಿಕ್ಕ. ಚೀಲ ಅವನ ಹೆಗಲಲ್ಲೇ ನೇತಾಡುತ್ತಿತ್ತು.

"ಪರದೇಶಕ್ಕೆ ಹೊರಟ ಸಾಮಾನು, ಖಾಲಿ ಮನೇಲಿ ಹೆಂಗ್ ಬಿಡ್ಲಿ?" ಎಂದ.

ವಿಮಾನ ಹತ್ತುವ ಮುನ್ನ ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಆತು ಬಿಡಪ್ಪ," ಎಂದಳು. "ಅಲ್ಲಿಂದ ವಾಪಸ್ ಹೊರಡಾದು ಯಾವ ವಾರ?"

ಟಿಕೆಟ್ ನೋಡಿ, "ಮಂಗಳವಾರ" ಎಂದೆ.



"ಹಂಗಾದ್ರೆ ಸೋಮವಾರನೇ ಅಲ್ಲಿ ಪಕ್ಕದ ಮನೇಲಿ ಒಂದು ಚೀಲ ಇಡು. ಸಣ್ಣದು ಬ್ಯಾಡ."